ಬಲಗಾಲಿನ ಅಳತೆ

ಮೊದಲ ದಿನ ಎಲ್ಲರೂ ಅದನ್ನು ತರಚು ಗಾಯ ಅಂದರು.

ನಾನೂ ಹಾಗೇ ಅಂದುಕೊಂಡೆ. ಮೂಳೆ ಮುರಿದಿಲ್ಲ, ತಲೆಗೆ ಏಟಿಲ್ಲ, ತಾವೇ ಎದ್ದು ನಿಂತಿದ್ದಾರೆ. ಇನ್ನೇನು ಬೇಕು? ನಮ್ಮನೆಯವರು ತುಮಕೂರಿನ ಸತ್ಯಮಂಗಲದಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆ ಮಾಡುವ ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ. ಮಾರಿದ ಪೆಟ್ಟಿಗೆ ಕೆಟ್ಟರೆ ತೋಟಕ್ಕೇ ಹೋಗಿ ಸರಿಮಾಡಿ ಬರುವುದು ಇವರ ಪಾಲಿನ ಕೆಲಸ. ಗುಬ್ಬಿಯ ನಮ್ಮ ಮನೆಯಿಂದ ಬೆಳಿಗ್ಗೆ ಬೈಕ್ ಹತ್ತಿದರೆ ಕುಣಿಗಲ್, ಅಮೃತೂರು ಸುತ್ತಿ ಬರುವ ಹೊತ್ತಿಗೆ ಸಂಜೆ. ಆ ದಿನ ಕುಣಿಗಲ್ ದಾಟಿದ ಮೇಲೆ ಒಂದು ತಿರುವಿನಲ್ಲಿ ರಸ್ತೆ ರಿಪೇರಿಯ ಜಲ್ಲಿ ಚೆಲ್ಲಿತ್ತಂತೆ. ಗಾಡಿ ಜಾರಿತು. ಬಲಗಾಲು ಕೆಳಗೆ, ಗಾಡಿ ಮೇಲೆ, ಹಾಗೇ ಒಂದಿಷ್ಟು ದೂರ ಟಾರಿನ ಮೇಲೆ ಎಳೆದುಕೊಂಡು ಹೋಯಿತು.

ಅಲ್ಲೇ ಒಬ್ಬ ಡಾಕ್ಟರು ತೊಳೆದು, ಟಿಟಿ ಇಂಜೆಕ್ಷನ್ ಕೊಟ್ಟು, ಬ್ಯಾಂಡೇಜು ಸುತ್ತಿ ಕಳಿಸಿದ್ದರು. ಗಾಡಿಯನ್ನು ಯಾರದೋ ಕೊಟ್ಟಿಗೆಯಲ್ಲಿ ಬಿಟ್ಟು ಬಸ್ಸಿನಲ್ಲಿ ಬಂದರು. ಅತ್ತೆ ಬಾಗಿಲಲ್ಲೇ ನಿಲ್ಲಿಸಿ ದೃಷ್ಟಿ ತೆಗೆದರು. ಮಂಡಿಯ ಹತ್ತಿರ ಹರಿದು ಚಿಂದಿಯಾದ ಪ್ಯಾಂಟನ್ನು ನಾನು ನೆನೆಹಾಕಿದೆ. ಅದರಲ್ಲಿ ಉಳಿದ ಬಟ್ಟೆ ಯಾವುದಕ್ಕಾದರೂ ಆದೀತು ಅಂತ. ನೋಡಿ, ನನ್ನ ತಲೆ ಹೋಗಿದ್ದು ಅಲ್ಲಿಗೆ.

ನಾಲ್ಕನೆಯ ದಿನ ಜ್ವರ ಬಂತು.

ಐದನೆಯ ದಿನ ಬ್ಯಾಂಡೇಜಿನಿಂದ ವಾಸನೆ ಬಂತು. ಕಾಲು ಮಂಡಿಯಿಂದ ತೊಡೆಯವರೆಗೆ ಊದಿ, ಮುಟ್ಟಿದರೆ ಬಿಸಿ ತವೆಯ ಹಾಗಿತ್ತು. ಪಕ್ಕದ ಮನೆಯವರ ಕಾರಿನಲ್ಲಿ ತುಮಕೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಇನ್‌ಫೆಕ್ಷನ್ ಅಂದರು. ಅಡ್ಮಿಟ್ ಮಾಡಿಕೊಂಡರು.

ಡ್ರೆಸಿಂಗ್ ರೂಮಿನಲ್ಲಿ ಡಾಕ್ಟರ ಜೊತೆ ಸಿಸ್ಟರ್ ಒಬ್ಬರೇ ಇದ್ದರು. ಕಾಲು ಅಲುಗದಂತೆ ಹಿಡಿದುಕೊಳ್ಳಿ ಅಂತ ನನಗೇ ಹೇಳಿದರು. ಡಾಕ್ಟರು ಚಿಮಟದಿಂದ ಗಾಯದೊಳಗಿನ ಕಪ್ಪು ಕಾಳುಗಳನ್ನು ಒಂದೊಂದಾಗಿ ಕಿತ್ತು ಹತ್ತಿಬಟ್ಟೆಯ ಮೇಲೆ ಇಡುತ್ತಿದ್ದರು. ರಸ್ತೆಯ ಟಾರು ಇರಬೇಕು ಅಂದರು. ಇವರು ಹಲ್ಲು ಕಚ್ಚಿ ಗೋಡೆ ನೋಡುತ್ತಿದ್ದರು. ನಾನು ಆ ಕಾಳುಗಳನ್ನು ನೋಡುತ್ತಿದ್ದೆ.

ನಾನು ಟೈಲರ್. ಮನೆಯ ಮುಂದಿನ ಕೋಣೆಯಲ್ಲೇ ಮಿಷನ್ನು. ರವಿಕೆ, ಲಂಗ, ಶಾಲೆ ಶುರುವಾಗುವ ಮುಂಚೆ ಮಕ್ಕಳ ಯೂನಿಫಾರಂ. ಬಟ್ಟೆ ಹತ್ತಿಯದೋ ಅಲ್ಲವೋ ಅಂತ ಅನುಮಾನ ಬಂದರೆ ನಾವು ಒಂದು ಎಳೆ ಕಿತ್ತು ಬೆಂಕಿಕಡ್ಡಿ ಹಚ್ಚುತ್ತೇವೆ. ಹತ್ತಿಯಾದರೆ ಉರಿದು ಬೂದಿಯಾಗುತ್ತದೆ, ಬೆರಳಲ್ಲಿ ಉಜ್ಜಿದರೆ ಏನೂ ಉಳಿಯುವುದಿಲ್ಲ. ಪಾಲಿಯೆಸ್ಟರ್ ಆದರೆ ಕರಗುತ್ತದೆ. ತುದಿಯಲ್ಲಿ ಗಟ್ಟಿಯಾದ ಕಪ್ಪು ಮಣಿ ನಿಲ್ಲುತ್ತದೆ. ಇಪ್ಪತ್ತು ವರ್ಷದಿಂದ ಆ ಮಣಿಯನ್ನು ಬೆರಳಲ್ಲಿ ಉರುಳಿಸಿದ್ದೇನೆ. ಒಂದು ಕಾಳು ತೆಗೆದುಕೊಂಡು ಒತ್ತಿ ನೋಡಿದೆ. ಅದರ ಪಕ್ಕದಲ್ಲಿ ಬೂದುಬಣ್ಣದ ಒಂದು ಎಳೆ ಇನ್ನೂ ಅಂಟಿಕೊಂಡಿತ್ತು.

"ಸಾರ್, ಇದು ಟಾರಲ್ಲ. ಪ್ಯಾಂಟಿನ ಬಟ್ಟೆ. ರಸ್ತೆಗೆ ಉಜ್ಜಿದ ಬಿಸಿಗೆ ಕರಗಿ ಒಳಗೋಗಿದೆ" ಅಂದೆ.

ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. ನಿಮಗೆ ಹೇಗೆ ಗೊತ್ತು ಅಂತ ಕೇಳಿದರು. ಟೈಲರ್ ಅಂತ ಹೇಳಿದೆ. ಹಾಗಿದ್ದರೆ ಇನ್ನೂ ಆಳದಲ್ಲಿ ಇರುತ್ತೆ, ಇಲ್ಲಿ ಆಗೋದಿಲ್ಲ, ನಾಳೆ ಬೆಳಿಗ್ಗೆ ಥಿಯೇಟರಿಗೆ ತಗೊಂಡು ಪೂರ್ತಿ ಕ್ಲೀನ್ ಮಾಡಬೇಕು ಅಂದರು.

ಅವರಿಗೆ ಹೇಳದೆ ಬಿಟ್ಟ ಮಾತು ಒಂದಿತ್ತು.

ಆ ಪ್ಯಾಂಟು ಹೊಲಿದವಳು ನಾನು.

ಇವರು ಮೊದಲಿನಿಂದ ಖಾಕಿ ಡ್ರಿಲ್ ಪ್ಯಾಂಟು ಹಾಕುತ್ತಿದ್ದವರು. ದಪ್ಪ ಹತ್ತಿ. ಗ್ರೀಸು ಮೆತ್ತಿಕೊಂಡು ಬಂದರೆ ಉಜ್ಜಿ ಉಜ್ಜಿ ನನ್ನ ರಟ್ಟೆ ಬಿದ್ದುಹೋಗುತ್ತಿತ್ತು. ಮಳೆಗಾಲದಲ್ಲಿ ಒಣಗಲು ಎರಡು ದಿನ. ಇಸ್ತ್ರಿ ಬೇರೆ. ಹಿಂದಿನ ಯುಗಾದಿಗೆ ಬಟ್ಟೆ ತೆಗೆಯಲು ಇಬ್ಬರೂ ಹೋಗಿದ್ದೆವು. ಇವರು ಡ್ರಿಲ್ಲೇ ಇರಲಿ, ಗಾಡಿ ಮೇಲೆ ಗಟ್ಟಿ ಇರುತ್ತೆ ಅಂದರು. ಒಗೆಯುವವಳು ನಾನು ಅಂದೆ. ಬೂದು ಬಣ್ಣದ ಪಾಲಿಯೆಸ್ಟರ್ ತೆಗೆಸಿ ಎರಡು ಪ್ಯಾಂಟು ಹೊಲಿದೆ. ಹಿಂಡಿ ಹಾಕಿದರೆ ಗಂಟೆಯಲ್ಲಿ ಒಣಗುತ್ತಿತ್ತು, ಸುಕ್ಕೇ ಇಲ್ಲ. ವರ್ಷವೆಲ್ಲ ನನಗೆ ನಾನೇ ಭೇಷ್ ಅಂದುಕೊಂಡಿದ್ದೆ.

ಇವರನ್ನು ಎರಡು ಸಲ ಥಿಯೇಟರಿಗೆ ಕರೆದುಕೊಂಡು ಹೋದರು. ಆಮೇಲೆ ಸ್ಕಿನ್ ಗ್ರಾಫ್ಟ್. ಎಡತೊಡೆಯಿಂದ ತೆಳ್ಳಗೆ ಚರ್ಮ ತೆಗೆದು ಬಲಗಾಲಿಗೆ ಹಾಕುವುದು. ಡಾಕ್ಟರು ಕಾಗದದ ಮೇಲೆ ಗೀಚಿ ವಿವರಿಸಲು ಹೊರಟರು. ತೇಪೆ ತಾನೆ ಸಾರ್ ಅಂದೆ. ನಕ್ಕರು. ನಾನು ತಮಾಷೆಗೆ ಹೇಳಿದ್ದಲ್ಲ. ವಿಚಿತ್ರ ಅಂದರೆ, ಆಮೇಲೆ ಕೆಟ್ಟ ಕಾಲಿಗಿಂತ ಒಳ್ಳೆಯ ಕಾಲೇ ಹೆಚ್ಚು ಉರಿಯಿತು. ಚರ್ಮ ಕೊಟ್ಟ ಜಾಗಕ್ಕೆ ಫ್ಯಾನಿನ ಗಾಳಿ ತಾಗಿದರೂ ಇವರು ಉಸಿರು ಬಿಗಿಹಿಡಿಯುತ್ತಿದ್ದರು.

ಆ ವಾರಗಳು ಒಂದರಿಂದ ಒಂದನ್ನು ಬೇರೆ ಮಾಡಿ ನೆನಪಿಟ್ಟುಕೊಳ್ಳಲು ಆಗುವುದಿಲ್ಲ. ಬೆಳಿಗ್ಗೆ ಗುಬ್ಬಿಯಲ್ಲಿ ಅಡುಗೆ, ಅತ್ತೆಯ ಪೂಜೆಗೆ ಅಣಿ, ಕ್ಯಾರಿಯರ್ ಹಿಡಿದು ಬಸ್ಸು, ತುಮಕೂರಿನಲ್ಲಿ ಇಳಿದು ನಡಿಗೆ. ವಾರ್ಡಿನಲ್ಲಿ ಮೈ ಒರೆಸುವುದು, ಬೆಡ್‌ಪ್ಯಾನು, ಡ್ರಿಪ್ಪು ಮುಗಿಯಿತೇ ಅಂತ ನೋಡುವುದು. ಸಂಜೆ ಬಸ್ಸಿನಲ್ಲಿ ಕೂತಲ್ಲೇ ನಿದ್ದೆ ಹೋಗಿ ಎರಡು ಸಲ ಗುಬ್ಬಿ ದಾಟಿ ಮುಂದೆ ಹೋಗಿ ಇಳಿದಿದ್ದೇನೆ. ದಿನಾ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಅಂತ ಗೊತ್ತಿತ್ತು, ಒಪ್ಪಿಕೊಳ್ಳುತ್ತಿರಲಿಲ್ಲ. ಮಿಷನ್ನಿಗೆ ಹಳೆ ಬೆಡ್‌ಶೀಟು ಹೊದಿಸಿಬಿಟ್ಟಿದ್ದೆ. ರವಿಕೆ ಕೇಳಿಕೊಂಡು ಬಂದವರಿಗೆ ಪುರುಸೊತ್ತಿಲ್ಲ ಅಂದೆ. ನಿಜ ಏನೆಂದರೆ, ಕತ್ತರಿ ಮುಟ್ಟಲು ಮನಸ್ಸು ಬರುತ್ತಿರಲಿಲ್ಲ.

ಡಿಸ್ಚಾರ್ಜ್ ಆಗಿ ಮನೆಗೆ ಬಂದಾಗ ಗಾಯ ಮುಚ್ಚಿತ್ತು. ಮಂಡಿ ಮಡಚುತ್ತಿರಲಿಲ್ಲ.

ವಾರಗಟ್ಟಲೆ ಪ್ಲಾಸ್ಟರಿನ ಸ್ಲಾಬ್ ಹಾಕಿ ನೇರವಾಗಿ ಇಟ್ಟ ಕಾಲು ಮರದ ಹಾಗಾಗಿತ್ತು. ಫಿಸಿಯೋಥೆರಪಿಯವರು ಕಲಿಸಿಕೊಟ್ಟಂತೆ ದಿನಕ್ಕೆ ಮೂರು ಹೊತ್ತು ನಾನು ಹಿಮ್ಮಡಿ ಹಿಡಿದು ಮೆಲ್ಲಗೆ ಒತ್ತಬೇಕು. ಇವರ ಕಣ್ಣಲ್ಲಿ ನೀರು ಬರುವವರೆಗೆ ಒತ್ತಬೇಕು, ಆಮೇಲೂ ಸ್ವಲ್ಪ. ಬೈಕಿನ ಬ್ರೇಕು ಬಲಗಾಲಿನದು. ಮಂಡಿ ಮಡಚದಿದ್ದರೆ ಗಾಡಿ ಇಲ್ಲ. ಕಾರ್ಖಾನೆಯ ಮಾಲೀಕರು ಒಳ್ಳೆಯವರು, ಒಳಗೇ ಕೂತು ಪೆಟ್ಟಿಗೆ ಚೆಕ್ ಮಾಡುವ ಕೆಲಸ ಕೊಡುತ್ತೇನೆ ಅಂದರು. ಇವರು ಆಗಲಿ ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಇಪ್ಪತ್ತೆರಡು ವರ್ಷ ಕುಣಿಗಲ್ ಸೀಮೆಯ ತೋಟ ತೋಟ ಸುತ್ತಿದ ಮನುಷ್ಯ. ಯಾರ ಬೋರಿನಲ್ಲಿ ನೀರೆಷ್ಟು, ಯಾರ ಮನೆಯ ಮಜ್ಜಿಗೆ ಹೇಗೆ ಅಂತ ಗೊತ್ತಿರುವವರು. ಒಳಗೆ ಕೂರಿಸಿದರೆ ಇವರು ಬದುಕಿರುತ್ತಾರೆ, ಅಷ್ಟೇ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಒಂದು ಮಧ್ಯಾಹ್ನ ಹಿಮ್ಮಡಿ ಒತ್ತುತ್ತಾ ಹೇಳಿಬಿಟ್ಟೆ. ಡ್ರಿಲ್ ಬಟ್ಟೆಯಾಗಿದ್ದಿದ್ದರೆ ಗಾಯ ಇಷ್ಟಾಗುತ್ತಿರಲಿಲ್ಲ, ಒಗೆಯುವ ಸೋಮಾರಿತನಕ್ಕೆ ನಾನೇ ನಿಮಗೆ ಅದನ್ನು ತೊಡಿಸಿದೆ ಅಂತ. ಗೋಡೆ ಕಡೆ ತಿರುಗಿ ಮಲಗಿದರು. ಆ ದಿನ ಮಾತಿಲ್ಲ. ಮಾರನೆಯ ದಿನವೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೂರನೆಯ ದಿನ ಕಾಫಿ ಲೋಟ ಕೆಳಗಿಟ್ಟು ಅಂದರು:

"ಡ್ರಿಲ್ಲಾದ್ರೂ ಹರೀತಿತ್ತು. ಆದ್ರೆ ಅಂಟ್ಕತಿರ್ಲಿಲ್ಲ. ಅದು ನಿಜ ಕಣೇ."

ನಾನು ಬಗ್ಗಿ ಲೋಟ ಎತ್ತಿಕೊಂಡೆ.

"ಇನ್ನೊಂದು ಹೊಲಿ. ಗಾಡಿ ಮೇಲೆ ಹಾಕ್ಕಣಕ್ಕೆ. ರೆಡಿಮೇಡ್ ತರ್ಬೇಡ."

ತಪ್ಪಿಲ್ಲ ಅಂತ ಹೇಳಲಿಲ್ಲ. ಹಾಗೆ ಹೇಳಿದ್ದರೆ ನಾನು ನಂಬುತ್ತಲೂ ಇರಲಿಲ್ಲ. ಒಳಗೆ ಹೋಗಿ ಮಿಷನ್ನಿನ ಮೇಲಿನ ಬೆಡ್‌ಶೀಟು ತೆಗೆದು ಎಣ್ಣೆ ಬಿಟ್ಟೆ. ಕಣ್ಣೀರೂ ಬಂತು, ಸುಳ್ಳು ಯಾಕೆ ಹೇಳಲಿ.

ಯಾವ ಬಟ್ಟೆ? ಮಾಲೀಕರು ಚರ್ಮದ ಪ್ಯಾಂಟು ಹೇಳಿದರು, ಬೆಂಗಳೂರಿನಲ್ಲಿ ಸಿಗುತ್ತದಂತೆ. ಅತ್ತೆ ಒಪ್ಪಲಿಲ್ಲ. "ಲಿಂಗಪೂಜೆ ಮಾಡೋ ಮನೆ. ಚಪ್ಲೀನೇ ಹೊರಗ್ ಬಿಡ್ತೀವಿ, ಚರ್ಮಾನ ಕಾಲ್‌ತುಂಬ ತೊಟ್ಕಂಡು ಒಳಗ್ ಬತ್ತಾನಾ?" ಅಂದರು. ಬೆಲ್ಟಿನ ವಿಷಯ ನಾನು ಎತ್ತಲಿಲ್ಲ. ಹೇಗೂ ನಮ್ಮ ಬಿಸಿಲಿಗೆ ಚರ್ಮದೊಳಗೆ ಆ ಹೊಸ ಚರ್ಮ ಬೆಂದುಹೋಗುತ್ತಿತ್ತು.

ಬೇರೆ ಬೇರೆ ಬಟ್ಟೆಯ ತುಂಡು ಕೂಡಿಹಾಕಿದೆ. ಡ್ರಿಲ್, ಜೀನ್ಸು, ತುಮಕೂರಿನಲ್ಲಿ ಲಾರಿ ಟಾರ್ಪಾಲು ಹೊಲಿಯುವವರ ಹತ್ತಿರ ಬೇಡಿ ತಂದ ಹತ್ತಿಯ ಕ್ಯಾನ್ವಾಸು. ಬೀರುವಿನಲ್ಲಿದ್ದ ಎರಡನೆಯ ಬೂದು ಪ್ಯಾಂಟನ್ನೂ ಕತ್ತರಿಸಿದೆ. ಮೊದಲು ಎಲ್ಲದರಿಂದ ಎಳೆ ಕಿತ್ತು ಕಡ್ಡಿ ಹಚ್ಚಿದೆ. ಆಮೇಲೆ ಅರ್ಧ ಇಟ್ಟಿಗೆಗೆ ಒಂದೊಂದೇ ತುಂಡು ಸುತ್ತಿ, ಹಗ್ಗ ಕಟ್ಟಿ, ಮನೆ ಮುಂದಿನ ಟಾರು ರಸ್ತೆಯ ಮೇಲೆ ದರದರ ಎಳೆದೆ. ಎದುರು ಮನೆಯವರು ಗೇಟಿಗೆ ಬಂದು ನಿಂತರು. ಗಂಡನ ಯೋಚನೆಯಲ್ಲಿ ಇವಳಿಗೆ ಏನೋ ಆಗಿದೆ ಅಂದುಕೊಂಡಿರಬೇಕು. ಬೂದು ಬಟ್ಟೆ ಪಕ್ಕದ ಮನೆಯ ಗೇಟು ಮುಟ್ಟುವ ಮೊದಲೇ ತೂತಾಯಿತು. ಡ್ರಿಲ್ ಇನ್ನೂ ಒಂದು ಮನೆ ದಾಟಿತು. ಜೀನ್ಸು ಅದಕ್ಕಿಂತ ಮುಂದೆ ಹೋಯಿತು. ಕ್ಯಾನ್ವಾಸು ಬೀದಿಯ ಕೊನೆಯ ಲೈಟುಕಂಬ ಮುಟ್ಟಿಬಂದಾಗಲೂ ಎಳೆ ಎದ್ದಿತ್ತೇ ಹೊರತು ಹರಿದಿರಲಿಲ್ಲ. ನನ್ನ ಕೈಯ ಜೋರು ಬೇರೆ, ಗಾಡಿಯ ಜೋರು ಬೇರೆ, ಅದು ಗೊತ್ತು. ಆದರೂ ನನಗೆ ಬೇರೆ ದಾರಿ ಗೊತ್ತಿರಲಿಲ್ಲ.

ಪೂರ್ತಿ ಕ್ಯಾನ್ವಾಸಿನದಾದರೆ ಮನುಷ್ಯ ನಡೆಯಲಾರ. ಹಾಗಾಗಿ ಜೀನ್ಸಿನ ಪ್ಯಾಂಟು, ಮಂಡಿಗೆ ಮತ್ತು ತೊಡೆಯ ಹೊರಮಗ್ಗುಲಿಗೆ ಮೇಲೆ ಕ್ಯಾನ್ವಾಸು. ಒಳಗೆ ಇವರದೇ ಹಳೆಯ ಪಂಚೆ ಲೈನಿಂಗು, ಒಗೆದು ಒಗೆದು ಹೂವಿನ ಹಾಗೆ ಮೆತ್ತಗಾಗಿತ್ತು. ಮಂಡಿಯಲ್ಲಿ ಒಂದು ಜೇಬು ಮಾಡಿ ಚಮ್ಮಾರರ ಅಂಗಡಿಯಲ್ಲಿ ಸಿಗುವ ಚಪ್ಪಲಿಯ ರಬ್ಬರ್ ಶೀಟು ಕತ್ತರಿಸಿ ಇಟ್ಟೆ. ಹೊಲಿಗೆಯ ಅಂಚು ಹೊಸ ಚರ್ಮಕ್ಕೆ ಉಜ್ಜಬಾರದು ಅಂತ ಎಲ್ಲ ಹೊಲಿಗೆಯನ್ನೂ ಹೊರಗಡೆ ಮಾಡಿದೆ. ನೋಡಲು ಉಲ್ಟಾ ಹಾಕಿಕೊಂಡಂತೆ ಕಾಣುತ್ತದೆ. ಕಾಣಲಿ. ಹದಿನೆಂಟನೇ ನಂಬರಿನ ದಪ್ಪ ಸೂಜಿ ಎಷ್ಟು ಮುರಿದವು ಅಂತ ಹೇಳುವುದಿಲ್ಲ.

ಅಳತೆಯನ್ನು ನಿಲ್ಲಿಸಿ ತೆಗೆಯಲಿಲ್ಲ, ಸ್ಟೂಲಿನ ಮೇಲೆ ಕೂರಿಸಿ ತೆಗೆದೆ. ಗಾಡಿ ಮೇಲೆ ಕೂತರೆ ಪ್ಯಾಂಟು ನಾಲ್ಕು ಬೆರಳು ಮೇಲೇರುತ್ತದೆ, ಕಣಕಾಲು ಬಯಲಾಗುತ್ತದೆ. ಇಷ್ಟು ವರ್ಷ ಅದನ್ನು ನಾನು ಗಮನಿಸಿಯೇ ಇರಲಿಲ್ಲ. ಎಡತೊಡೆಗೆ ಟೇಪು ಸುತ್ತಿದೆ. ಇಪ್ಪತ್ತು ಇಂಚು. ಬಲತೊಡೆಗೆ ಸುತ್ತಿದೆ. ತಪ್ಪಿರಬೇಕು ಅಂತ ಮತ್ತೆ ಸುತ್ತಿದೆ.

ಹದಿನೆಂಟು.

ದಿನಾ ಒರೆಸಿದ ಕಾಲು, ಒತ್ತಿದ ಕಾಲು. ಎರಡು ಇಂಚು ಕರಗಿದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಇವರು ಎಷ್ಟು ಅಂತ ಕೇಳಿದರು. ಸರಿಯಾಗಿದೆ ಅಂದೆ. ಸಡಿಲ ಬಿಟ್ಟರೆ ಕ್ಯಾನ್ವಾಸು ಜಾಗ ಬಿಟ್ಟು ಸರಿಯುತ್ತದೆ, ಹಾಗಾಗಿ ಎರಡು ಕಾಲಿಗೆ ಎರಡು ಅಳತೆಯಲ್ಲಿ ಕತ್ತರಿಸಬೇಕಾಯಿತು. ಹಾಗೆ ಹೊಲಿದದ್ದು ಅದೇ ಮೊದಲು. ಆದರೆ ಬಲಗಾಲಿನ ಹೆಚ್ಚಿನ ಬಟ್ಟೆಯನ್ನು ಕತ್ತರಿಸಿ ಎಸೆಯಲಿಲ್ಲ. ಯೂನಿಫಾರಂ ಹೊಲಿಯುವಾಗ ಮಕ್ಕಳು ಬೆಳೆಯುತ್ತಾರೆ ಅಂತ ಅಂಚಿನಲ್ಲಿ ಬಟ್ಟೆ ಬಿಡುತ್ತೇವಲ್ಲ, ಹಾಗೆ ಪೂರ್ತಿ ಎರಡು ಇಂಚನ್ನೂ ಮಡಿಸಿ ಹೊಲಿದೆ. ಐವತ್ತು ದಾಟಿದ ಗಂಡಸಿಗೆ.

ಮಂಡಿ ತೊಂಬತ್ತು ಡಿಗ್ರಿ ಮುಟ್ಟಲು ಇನ್ನೂ ಎರಡು ತಿಂಗಳು ಹಿಡಿಯಿತು. ಅದಕ್ಕಿಂತ ಸ್ವಲ್ಪ ಹೆಚ್ಚು ಬಗ್ಗುತ್ತದೆ, ಅಷ್ಟೇ. ಚಕ್ಕಳಮಕ್ಕಳ ಕೂರಲು ಆಗುವುದಿಲ್ಲ, ಪೂಜೆಯೂ ಕುರ್ಚಿಯ ಮೇಲೆ. ಬೇಸಿಗೆಯಲ್ಲಿ ಗ್ರಾಫ್ಟ್ ಜಾಗಕ್ಕೆ ಕೆರೆತ ಬಂದು ಪ್ರಾಣ ತಿನ್ನುತ್ತದೆ. ಮೊದಲು ನಮ್ಮ ಬೀದಿ, ಆಮೇಲೆ ಗುಬ್ಬಿಯ ಒಳಗೆ, ಆಮೇಲೆ ತುಮಕೂರಿನವರೆಗೆ ಗಾಡಿ ಹೋಯಿತು. ಬೆಳಿಗ್ಗೆ ತಣ್ಣಗಿನ ಇಂಜಿನ್ನಿಗೆ ಮೊದಲ ಕಿಕ್ಕು ಹೊಡೆಯುವುದು ನಾನು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಎದುರು ಮನೆಯವರು ಈಗ ಅದಕ್ಕೂ ಗೇಟಿಗೆ ಬರುವುದಿಲ್ಲ. ಇವರು ಕುಣಿಗಲ್‌ಗೆ ಮೊದಲ ಸಲ ಹೊರಟ ದಿನ ಮಾತ್ರ ಸಂಜೆ ಗಾಡಿಯ ಸದ್ದು ಕೇಳುವವರೆಗೆ ಒಂದು ಹೊಲಿಗೆಯೂ ನೆಟ್ಟಗೆ ಬೀಳಲಿಲ್ಲ. ಇಂದಿಗೂ ಭಯ ಹೋಗಿಲ್ಲ. ಹೋಗುವುದೂ ಇಲ್ಲ ಅನಿಸುತ್ತದೆ.

ಆ ಪ್ಯಾಂಟು ಒಗೆಯುವುದು ಡ್ರಿಲ್ಲಿನ ನಾಲ್ಕರಷ್ಟು ಕಷ್ಟ. ಭಾನುವಾರ ಬೆಳಿಗ್ಗೆ ನೆನೆಹಾಕಿದರೆ ಸೋಮವಾರಕ್ಕೂ ಒದ್ದೆ. ಅದಕ್ಕೆ ಅಂತ ಇನ್ನೊಂದು ಹೊಲಿದಿದ್ದೇನೆ, ಅದೇ ಎರಡು ಅಳತೆಯಲ್ಲಿ.

ಮೊನ್ನೆ ಅಮೃತೂರಿಗೆ ಹೋಗಿ ಬಂದವರು ಮುಖ ಸಿಂಡರಿಸಿಕೊಂಡು ಒಳಗೆ ಬಂದರು.

"ಬಲಗಡೆ ತೊಡೆ ಹತ್ರ ಹಿಡೀತದೆ ಕಣೇ. ಅಳ್ತೆ ತಪ್ಪಿದ್ದೀಯ ನೀನು."

ಕೂತುಕೊಳ್ಳಿ ಅಂದೆ. ಟೇಪು ಸುತ್ತಿದೆ. ಹತ್ತೊಂಬತ್ತು ಕಾಲು. ಈ ಸಲವೂ ಎಷ್ಟು ಅಂತ ಹೇಳಲಿಲ್ಲ. ಹೌದು ರೀ, ತಪ್ಪಿದೆ, ಬಿಚ್ಚಿಕೊಡಿ ಅಂದೆ. ಇವರು ಪಂಚೆ ಸುತ್ತಿಕೊಂಡು ಕಾಫಿಗೆ ಕೂತರು. ನಾನು ಕಿಟಕಿಯ ಬೆಳಕಿಗೆ ಹೋಗಿ, ಬ್ಲೇಡು ಹಿಡಿದು, ಬಲಗಾಲಿನ ಹೊಲಿಗೆಯನ್ನು ಒಂದೊಂದೇ ಬಿಚ್ಚಿದೆ. ಮಡಿಸಿಟ್ಟ ಬಟ್ಟೆಯಲ್ಲಿ ಒಂದೂಕಾಲು ಇಂಚು ಬಿಟ್ಟು ಮತ್ತೆ ಹೊಲಿದೆ.

ಇನ್ನೂ ಮುಕ್ಕಾಲು ಇಂಚು ಉಳಿದಿದೆ.