ಓಬಳಪ್ಪ ಮತ್ತು ರಿಮೋಟಿನ ಬಾಗಿಲು

ಜಗಳೂರಿನಿಂದ ದಾವಣಗೆರೆಗೆ ಓಡುವ ಒಂದು ಖಾಸಗಿ ಬಸ್ಸಿಗೆ ಓಬಳಪ್ಪ ಅಂತ ಡ್ರೈವರ್ ಇದ್ದಾನೆ. ಗಿಡ್ಡ ಆಳು, ಮಾತು ಕಡಿಮೆ. ಸುಮ್ಮನೆ ಹಾರನ್ ಬಡಿಯುವುದಿಲ್ಲ, ಕೈ ಅಡ್ಡ ಹಿಡಿದ ಮುದುಕಿಯನ್ನು ಬಿಟ್ಟು ಹೋಗುವುದಿಲ್ಲ. ಮೊದಲು ನಮ್ಮ ಚನ್ನಗಿರಿಯಲ್ಲಿ ಅಡಿಕೆ ವ್ಯಾಪಾರಿ ಮಹೇಶ್ವರಪ್ಪನ ಕಾರು ಓಡಿಸುತ್ತಿದ್ದ. ಅಂಥ ಕೆಲಸ ಯಾಕೆ ಬಿಟ್ಟೆ ಅಂತ ಯಾರಾದರೂ ಕೇಳಿದರೆ, "ಇದು ಊರಿಗೆ ಹತ್ರ ಆಗ್ತೈತೆ" ಅನ್ನುತ್ತಾನೆ. ಅದು ಸುಳ್ಳು. ನಿಜ ಏನು ಅಂತ ನಾನು ಬಲ್ಲೆ.

ನಾನು ಜಯಪ್ಪ, ಚನ್ನಗಿರಿ ಪೇಟೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟವನು. ಮಹೇಶ್ವರಪ್ಪ ನನಗೆ ದೂರದ ಸಂಬಂಧ. ಅವನ ಹೆಂಡತಿ ಸರ್ವಮಂಗಳಮ್ಮ ನನ್ನನ್ನು ಅಣ್ಣಾ ಅಂತಲೇ ಕರೆಯುವುದು. ಆ ಮನೆಯ ದೇವರ ಕೋಣೆಯವರೆಗೂ ನನಗೆ ತಡೆ ಇಲ್ಲ.

ಓಬಳಪ್ಪ ಹೊಸ್ತಿಲು ದಾಟುವಂತಿರಲಿಲ್ಲ. ಜಗಳೂರು ಸೀಮೆಯವನು, ಊರ ಹೊರಗಿನ ಕೇರಿಯವನು. ಲಾರಿ ಕ್ಲೀನರ್ ಆಗಿ ಸೇರಿ ಡ್ರೈವರ್ ಆದವನು. ಅವನ ಕೈಯಲ್ಲಿ ಸ್ಟೇರಿಂಗ್ ಕೊಟ್ಟು ಮನೆಮಂದಿಯೆಲ್ಲ ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದರು. ಜೀವ ಅವನ ಕೈಯಲ್ಲಿರಬಹುದು, ನೀರಿನ ಲೋಟ ಇರಬಾರದು. ಅವನ ಊಟ ಹೊರಗಿನ ಕಟ್ಟೆಯ ಮೇಲೆ, ಮುತ್ತುಗದ ಎಲೆಯಲ್ಲಿ. ತಿಂದ ಎಲೆ ಅವನೇ ಎತ್ತಬೇಕು, ಕೂತ ಜಾಗಕ್ಕೆ ಅವನೇ ನೀರು ಹಾಕಬೇಕು.

ಕಾರು ನಿಲ್ಲುತ್ತಿದ್ದದ್ದು ಹಳೇ ಕೊಟ್ಟಿಗೆಯಲ್ಲಿ. ಅದು ಅಡಿಗೆಮನೆಗೆ ಅಂಟಿಕೊಂಡೇ ಇದೆ, ನಡುವೆ ಒಂದು ಸಣ್ಣ ಬಾಗಿಲು. ಹಿಂದೆ ಹಸು ಎಮ್ಮೆಗಳು ಅಡಿಗೆಮನೆಗೇ ಮೂತಿ ತೂರಿಸಿ ಅಕ್ಕಚ್ಚು ಕುಡಿಯುತ್ತಿದ್ದವು, ಯಾರಿಗೂ ಮೈಲಿಗೆ ಆಗುತ್ತಿರಲಿಲ್ಲ. ಬೀದಿ ಕಡೆಯ ಕದಕ್ಕೆ ಒಳಗಿನಿಂದ ಅಗುಳಿ. ಹೊರಗೆ ಬೀಗ ಹಾಕಿದರೆ ಕಳ್ಳರು ಒಡೆಯುತ್ತಾರೆ ಅಂತ ಮಹೇಶ್ವರಪ್ಪನಿಗೆ ಭಯ. ಹಾಗಾಗಿ ಕಾರು ತೆಗೆಯಬೇಕಾದಾಗಲೆಲ್ಲ ಅವನ ತಾಯಿ ಶಿವಗಂಗಮ್ಮ ಒಳಗಿಂದ ಹೋಗಿ ಅಗುಳಿ ತೆಗೆಯಬೇಕು. ಮಂಡಿನೋವಿನ ಮುದುಕಿ ದಿನಾ ಗೊಣಗುತ್ತಿದ್ದಳು.

ಎಂಬತ್ತೈದನೇ ಇಸವಿ ಇರಬೇಕು, ಮಹೇಶ್ವರಪ್ಪ ಅಡಿಕೆ ಲೆಕ್ಕಕ್ಕೆ ಬೊಂಬಾಯಿಗೆ ಹೋದವನು ಬರುವಾಗ ಒಂದು ದೊಡ್ಡ ಪೆಟ್ಟಿಗೆ ತಂದ. ಯಾವನೋ ಸೇಠನ ಬಂಗಲೆಯಲ್ಲಿ ನೋಡಿದನಂತೆ: ಗುಂಡಿ ಒತ್ತಿದರೆ ಕಾರಿನ ಮನೆಯ ಬಾಗಿಲು ತಾನೇ ಮೇಲಕ್ಕೆ ಏಳುತ್ತದೆ. ಫಾರಿನ್ ಮಾಲು. ನಮ್ಮ ಕರೆಂಟು ಅದಕ್ಕೆ ಆಗುವುದಿಲ್ಲ ಅಂತ ಟ್ರಾನ್ಸ್‌ಫಾರ್ಮರ್ ಕೂರಿಸಿ, ದಾವಣಗೆರೆಯಿಂದ ತಗಡಿನ ಕದ ಮಾಡಿಸಿ, ಅಂತೂ ನಾನೇ ಜೋಡಿಸಿದೆ. ಕದಕ್ಕೆ ಹೊರಗಡೆ ಹಿಡಿಕೆಯೇ ಇಲ್ಲ. ಕರೆಂಟು ಹೋದರೆ ಒಳಗೆ ಮೋಟಾರಿನಿಂದ ಇಳಿಬಿಟ್ಟ ಹಗ್ಗ ಜಗ್ಗಿ ಕೊಂಡಿ ತಪ್ಪಿಸಿ, ಕೈಯಿಂದ ಎತ್ತಬೇಕು.

ಬಾಗಿಲು ಮೊದಲ ಸಲ ಎದ್ದಾಗ ಓಣಿಗೆ ಓಣಿಯೇ ನೋಡಲು ಬಂದಿತ್ತು. ಮಹೇಶ್ವರಪ್ಪನ ಕಾಲು ನೆಲದ ಮೇಲಿರಲಿಲ್ಲ. ಶಿವಗಂಗಮ್ಮ ನನಗೆ ಕಾಫಿ ಕೊಡುತ್ತಾ, "ಇನ್ಮುಂದೆ ಓಬಳಪ್ಪ ತಾನೇ ತಕ್ಕೊಂತಾನೆ ಬಿಡಪ್ಪ, ಒಳಗಿನ ಗೊಡವೆನೇ ಇಲ್ಲ," ಅಂದಳು. ಬೊಂಬಾಯಿಯ ಸೇಠ ಮಳೆಯಲ್ಲಿ ಕಾರಿನಿಂದ ಇಳಿಯಬಾರದು ಅಂತ ಹಾಕಿಸಿದ ಯಂತ್ರ ನಮ್ಮಲ್ಲಿ ಇಂಥ ಕೆಲಸಕ್ಕೆ ಬಂತು.

ತಿಂಗಳೂ ಆಗಿರಲಿಲ್ಲ, ರಿಮೋಟು ಕೈಕೊಟ್ಟಿತು. ಒಂದು ಸಲ ಒತ್ತಿದರೆ ಏಳುತ್ತದೆ, ಒಂದು ಸಲ ಇಲ್ಲ. ನಾನು ಹೋಗಿ ಬ್ಯಾಟರಿ ಬದಲಾಯಿಸಿದೆ. ವಾರದಲ್ಲೇ ಮತ್ತೆ ಅದೇ ರಾಗ. ಸಂಜೆ ಹೊತ್ತು ವೋಲ್ಟೇಜು ಇಳಿಯುತ್ತದಲ್ಲ, ಅದೇ ಇರಬೇಕು ಅಂತ ಬೆಳಗ್ಗೆ ನೋಡಿದೆ. ಬೆಳಗ್ಗೆಯೂ ಅಷ್ಟೇ. ರಿಮೋಟಿನೊಳಗೆ ಪುಟ್ಟ ಪುಟ್ಟ ಸ್ವಿಚ್ಚುಗಳ ಸಾಲಿದೆ, ಮೋಟಾರಿನಲ್ಲೂ ಅಂಥದ್ದೇ ಇದೆ, ಎರಡೂ ಒಂದೇ ಥರ ಇರಬೇಕು. ಅವೂ ಸರಿಯಾಗೇ ಇದ್ದವು. ಆದರೆ ಬ್ಯಾಟರಿ ಕಚ್ಚುವ ತಗಡು ಹಸಿರುಗಟ್ಟಿತ್ತು. ಉಜ್ಜಿ ಕೊಟ್ಟೆ. ಮುಂದಿನ ಸಲ ನೋಡಿದರೆ ಮತ್ತೆ ಹಸಿರು.

"ಇವನ ಕೈ ಬೆವರಿನಿಂದಲೇ ಹಿಂಗಾಗಿರೋದು," ಅಂದ ಮಹೇಶ್ವರಪ್ಪ, ಓಬಳಪ್ಪ ಎದುರಿಗೇ ನಿಂತಿದ್ದ. "ಲಾರಿ ತೊಳೆಯೋ ಕೈಗೆ ಇಂಥ ಸಾಮಾನು ಕೊಟ್ರೆ ಇನ್ನೇನಾಗ್ತೈತೆ. ಇನ್ನೊಂದು ಸಲ ಕೆಟ್ರೆ ಬೇರೆ ಡ್ರೈವರ್ ನೋಡ್ಕೊಂತೀನಿ."

ಓಬಳಪ್ಪ ತಲೆ ತಗ್ಗಿಸಿ ನಿಂತಿದ್ದ. ಇಷ್ಟು ವರ್ಷ ಕಾರಿಗೆ ಒಂದು ಗೀರು ಬೀಳದಂತೆ ನೋಡಿಕೊಂಡವನು ಅವನು. ಅವನಿಗೆ ಇದ್ದ ಆಸ್ತಿಯೆಂದರೆ ಕೈ ಒಳ್ಳೇದು ಎನ್ನುವ ಹೆಸರು ಒಂದೇ. ಈಗ ಅದಕ್ಕೇ ಕಲ್ಲು ಬಿದ್ದಿತ್ತು.

ಒಂದು ಸಂಜೆ ಬೇರೆ ಏನೋ ಕೆಲಸಕ್ಕೆ ಆ ಮನೆಗೆ ಹೋದಾಗ ಕಾರಣ ಕಣ್ಣಾರೆ ಕಂಡೆ. ಓಬಳಪ್ಪ ಕಾರು ಬಿಟ್ಟು ಬಂದು, ಕೀಲಿಕೈಯನ್ನೂ ರಿಮೋಟನ್ನೂ ಕಟ್ಟೆಯ ಮೇಲಿಟ್ಟು ದೂರ ಸರಿದು ನಿಂತ. ಶಿವಗಂಗಮ್ಮ ತಂಬಿಗೆ ಹಿಡಿದು ಬಂದಳು. ಎರಡರ ಮೇಲೂ ನೀರು ಚಿಮುಕಿಸಿದಳು. ಆಮೇಲೆ ಸೆರಗಿನಲ್ಲಿ ಒರೆಸಿಕೊಂಡು ಒಳಗೆ ಒಯ್ದಳು. ದಿನಾ ಇದೇ ನಡೆದಿತ್ತು. ಕಬ್ಬಿಣದ ಕೀಲಿಕೈ ಅದನ್ನು ತಡೆದುಕೊಂಡಿತ್ತು, ರಿಮೋಟಿಗೆ ಆಗಿರಲಿಲ್ಲ.

ಬೀದಿಗೆ ಬಂದು ಓಬಳಪ್ಪನನ್ನು ಹಿಡಿದು ನಿಲ್ಲಿಸಿದೆ. "ಗೊತ್ತಿದ್ದೂ ಯಾಕೋ ಹೇಳಲಿಲ್ಲ?"

"ಏನಂತ ಹೇಳ್ಲಿ ಜಯಣ್ಣಾರೆ?" ಅಂದ. "ನಾನು ಮುಟ್ಟಿದ್ದಕ್ಕೆ ಅಮ್ಮಾರು ನೀರು ಹಾಕ್ತಾರೆ ಅಂತ ಸಾವ್ಕಾರ್ರಿಗೆ ನಾನೇ ಬಾಯಿಬಿಟ್ಟು ಹೇಳ್ಬೇಕಾ?"

ನಾನೇ ಮಹೇಶ್ವರಪ್ಪನಿಗೆ ಹೇಳಿದೆ. ಕೆಟ್ಟದ್ದು ಇವನ ಬೆವರಿನಿಂದ ಅಲ್ಲ, ನಿಮ್ಮ ಮಡಿಯಿಂದ ಅಂತ ಮುಖದ ಮೇಲೆ ಹೇಳಿದೆ. ನಾಚಿಕೆ ಪಡುತ್ತಾನೆ ಅಂದುಕೊಂಡಿದ್ದೆ. ನಾಚಿಕೆ ಎಲ್ಲಿಂದ ಬರಬೇಕು? ಅವನು ಒಳಗಿಂದ ಪ್ಲಾಸ್ಟಿಕ್ ಕವರು ತಂದು, ರಿಮೋಟನ್ನು ಅದರೊಳಗಿಟ್ಟು ರಬ್ಬರ್ ಬ್ಯಾಂಡು ಸುತ್ತಿ, "ಇನ್ನೇನೂ ಆಗಾಕಿಲ್ಲ," ಅಂತ ನನಗೇ ತೋರಿಸಿದ. ತನ್ನ ಬುದ್ಧಿಗೆ ತಾನೇ ಮೆಚ್ಚಿದ್ದ. ಕೈ ಬೆವರು ಅಂದದ್ದಕ್ಕೆ ಓಬಳಪ್ಪನಿಗೆ ಒಂದು ಮಾತೂ ಇಲ್ಲ. ಕವರು ಬಂದಮೇಲೆ ಶಿವಗಂಗಮ್ಮನಿಗೂ ಧೈರ್ಯ ಬಂತು, ಚಿಮುಕಿಸುವ ಬದಲು ತಂಬಿಗೆ ಬಗ್ಗಿಸಿಯೇ ಸುರಿಯತೊಡಗಿದಳು.

ಆ ವರ್ಷ ಸರ್ವಮಂಗಳಮ್ಮ ತುಂಬು ಬಸುರಿ. ವಿಜಯದಶಮಿಯ ದಿನ ಮಹೇಶ್ವರಪ್ಪ ಹಿರಿಯರಿಗೆ ಬನ್ನಿ ಕೊಟ್ಟು ಬರಲು ಬೈಕಿನಲ್ಲಿ ಸಂತೇಬೆನ್ನೂರಿಗೆ ಹೋಗಿದ್ದ. ಹೆಂಡತಿಗೆ ಬೇಕಾದೀತು ಅಂತ ಕಾರು ಬಿಟ್ಟು ಹೋಗಿದ್ದ, ಅಷ್ಟು ವಿವೇಕ ಇತ್ತು. ನಾನು ಹೊನ್ನಾಳಿಯಲ್ಲಿ ನಮ್ಮ ಅಕ್ಕನ ಮನೆಯಲ್ಲಿದ್ದೆ. ಅವತ್ತು ನಡೆದದ್ದನ್ನು ನನಗೆ ಹೇಳಿದವಳು ಸರ್ವಮಂಗಳಮ್ಮನೇ.

ಅವಳಿಗೆ ಹೆರಿಗೆ ನೋವು ಶುರುವಾಯಿತು. ಹೆರಿಗೆಗೆ ಮೊದಲೇ ರಕ್ತ ಹೋಗತೊಡಗಿತು. ಹಾಗೇನಾದರೂ ಆದರೆ ಒಂದು ಗಳಿಗೆ ತಡ ಮಾಡದೆ ದಾವಣಗೆರೆಗೆ ಬಂದುಬಿಡಿ ಅಂತ ಡಾಕ್ಟರಮ್ಮ ಮೊದಲೇ ಹೇಳಿದ್ದರು. ಶಿವಗಂಗಮ್ಮ ರಿಮೋಟು ತಂದು ಕಟ್ಟೆಯ ಮೇಲಿಟ್ಟಳು. ಓಬಳಪ್ಪ ಒತ್ತಿದ. ಕದ ಅಲ್ಲಾಡಲಿಲ್ಲ. ಕವರಿನೊಳಗೆ ನೀರು ನಿಂತಿತ್ತು.

ಶಿವಗಂಗಮ್ಮ ಕೊಟ್ಟಿಗೆಗೆ ಹೋಗಿ ಹಗ್ಗ ಜಗ್ಗಿದಳು. ಮುದುಕಿಯ ಕೈಗೆ ಕೊಂಡಿ ಎಲ್ಲಿ ಬಗ್ಗುತ್ತದೆ? ಪಕ್ಕದ ಮನೆಯ ಹೆಂಗಸರು ಬಂದು ಜೋತುಬಿದ್ದರೂ ಬಿಡಲಿಲ್ಲ. ಗಂಡಸರೆಲ್ಲ ಬನ್ನಿಗೆ ಹೋಗಿದ್ದರು.

ಓಬಳಪ್ಪ ಮುಂಬಾಗಿಲಲ್ಲಿ ನಿಂತು ಕೇಳಿದ: "ಅಮ್ಮಾರೆ, ನಾನು ಒಳಗೆ ಬರ್ಲಾ? ಹಗ್ಗ ಜಗ್ಗಿಬಿಡ್ತೀನಿ."

"ತಡಿಯಪ್ಪ, ಯಾರಾದ್ರೂ ನಮ್ಮೋರು ಬರ್ಲಿ," ಅಂದಳು ಶಿವಗಂಗಮ್ಮ.

ಒಳಗೆ ಸೊಸೆಯ ರಕ್ತ ಚಾಪೆ ದಾಟಿ ನೆಲಕ್ಕೆ ಇಳಿಯುತ್ತಿತ್ತು. ಹೊರಗೆ ಗಟ್ಟಿಮುಟ್ಟಾದ ಒಬ್ಬ ಗಂಡಸು ಕೈಕಟ್ಟಿ ನಿಂತಿದ್ದ. ನಡುವೆ ಒಂದು ಹೊಸ್ತಿಲು, ಅದಕ್ಕೆ ಅರಿಶಿಣ ಕುಂಕುಮ ಬೇರೆ. ಥೂ ಅನ್ನದೆ ಇದನ್ನು ನಾನು ಹೇಗೆ ಬರೆಯಲಿ?

ಕೊನೆಗೆ ಕೋಣೆಯಿಂದ ಸರ್ವಮಂಗಳಮ್ಮನೇ ಕೂಗಿದಳು: "ಓಬಳಪ್ಪ, ನಾನು ಕರೀತಿದೀನಿ. ಬಾ."

ಅಂಥ ಹೊತ್ತಿನಲ್ಲೂ ಅವನು ಚಪ್ಪಲಿ ಬಿಟ್ಟು ಬಂದನಂತೆ. ಪಾತ್ರೆಗೆ ತಗುಲೀತು ಅಂತ ಎರಡೂ ಕೈಯನ್ನು ಎದೆಗೆ ಅವುಚಿಕೊಂಡು, ನೆಲ ನೋಡುತ್ತಾ ಅಡಿಗೆಮನೆ ದಾಟಿದನಂತೆ. ಕೊಂಡಿ ಒಂದೇ ಜಗ್ಗಿಗೆ ಬಿಟ್ಟಿತು. ಕದ ಎತ್ತಿ ಕಾರು ಹೊರಗೆ ತಂದ. ದಾರಿಯಲ್ಲಿ ಒಂದು ಹಳ್ಳಕ್ಕೂ ಚಕ್ರ ಇಳಿಸಲಿಲ್ಲ ಅಂತ ಸರ್ವಮಂಗಳಮ್ಮ ಹೇಳುತ್ತಾಳೆ. ದಾವಣಗೆರೆಯಲ್ಲಿ ಹೆಣ್ಣುಮಗು ಆಯಿತು. ಇನ್ನು ಸ್ವಲ್ಪ ತಡವಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಅಂದರಂತೆ ಡಾಕ್ಟರಮ್ಮ.

ಬಾಣಂತಿ ಮನೆಗೆ ಬಂದ ಮಾರನೇ ದಿನ ಮಹೇಶ್ವರಪ್ಪ ನನಗೆ ಹೇಳಿ ಕಳಿಸಿದ. ಹೋದರೆ, ಹಿತ್ತಲ ತಿಪ್ಪೆಯ ಮೇಲೆ ಅಡಿಗೆಮನೆಯ ಮಡಕೆಗಳೆಲ್ಲ ಒಡೆದು ಬಿದ್ದಿದ್ದವು. ಒಲೆ ಕಿತ್ತು ಹೊಸದು ಹಾಕಿಸಿದ್ದರು. ಅಯ್ಯನೋರು ಬಂದು ತೀರ್ಥ ಚಿಮುಕಿಸಿ ಹೋಗಿದ್ದರು. ಗಂಜಲದ ವಾಸನೆ ಬೀದಿಗೇ ಬಡಿಯುತ್ತಿತ್ತು. ಮಗು ಉಳಿದ ಸಂತೋಷಕ್ಕೆ ಆ ಮನೆಯವರು ಮಾಡಿದ ಮೊದಲ ಕೆಲಸ ಇದು.

ಓಬಳಪ್ಪ ಕೊಟ್ಟಿಗೆಯಲ್ಲಿ ಕಾರು ಒರೆಸುತ್ತಿದ್ದ. ಕದ ಎತ್ತಿಯೇ ಇತ್ತು. ತಿಪ್ಪೆ ಅವನ ಕಣ್ಣಿಗೂ ಬಿದ್ದಿರಲೇಬೇಕು. ನಾನು ರಿಮೋಟು ಬಿಚ್ಚಿ, ಸ್ಪಿರಿಟ್ಟಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಹೊಸ ಬ್ಯಾಟರಿ ಹಾಕಿದೆ. ಕದ ಇಳಿಯಿತು, ಏರಿತು.

"ಅದಷ್ಟೇ ಆದ್ರೆ ಸಾಲದು ಜಯಪ್ಪ," ಅಂದ ಮಹೇಶ್ವರಪ್ಪ. "ಇಂಥ ಯಂತ್ರ ನಂಬಾಕೆ ಆಗಾಕಿಲ್ಲ. ಈ ಗೋಡೆಗೆ ಒಂದು ತೂತು ಕೊರೆದು, ಒಳಗಿನ ಹಗ್ಗಾನ ಹೊರಕ್ಕೆ ಬಿಡು, ಕದಕ್ಕೂ ಹೊರಗೊಂದು ಹಿಡಿಕೆ ಹಾಕು. ಕಳ್ಳರು ಬಂದ್ರೂ ಬರ್ಲಿ. ನಾಳೆ ಏನೇ ಕೆಟ್ರೂ ಇವನು ಹೊರಗಿಂದ್ಲೇ ಜಗ್ಗಿ ತಕ್ಕೊಳ್ಲಿ. ಮತ್ತೆ ಅವತ್ತಿನಂಗೆ ಆಗ್ಬಾರ್ದು ನೋಡು."

ಅವತ್ತಿನಂಗೆ ಅಂದರೆ ಹೆಂಡತಿ ಸಾಯುವಂತಾದದ್ದಲ್ಲ. ಓಬಳಪ್ಪ ಒಳಗೆ ಬಂದದ್ದು. ಅಷ್ಟಕ್ಕೂ ಸುಮ್ಮನಿರದೆ ಅವನ ಕಡೆಗೇ ತಿರುಗಿ, "ಓಬಳಪ್ಪ, ಹಗ್ಗ ಎಷ್ಟೆತ್ತರಕ್ಕೆ ಇದ್ರೆ ನಿನ್ನ ಕೈಗೆ ಸರಿಹೋಗ್ತೈತೆ, ತೋರ್ಸು," ಅಂದ.

ನನ್ನ ಮೈಯೆಲ್ಲ ಉರಿಯಿತು. "ನಿನ್ನ ಗೋಡೆ ನೀನೇ ಕೊರ್ಕಳಪ್ಪ," ಅಂದು ಸಾಮಾನೆಲ್ಲ ಚೀಲಕ್ಕೆ ತುಂಬಿದೆ.

ಅಷ್ಟರಲ್ಲಿ ಅಡಿಗೆಮನೆಯ ಬಾಗಿಲಲ್ಲಿ ಸರ್ವಮಂಗಳಮ್ಮ ಮಗು ಎತ್ತಿಕೊಂಡು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಹಿಂದಿನಿಂದ ಅತ್ತೆ ಏನೋ ಅನ್ನುತ್ತಿದ್ದರೂ ಲಕ್ಷ್ಯ ಕೊಡಲಿಲ್ಲ.

"ಓಬಳಪ್ಪ," ಅಂದಳು, "ಯಾವ ಹಗ್ಗನೂ ಬ್ಯಾಡ. ನೀನು ಒಳಗೆ ಬಾ. ಮಗೀನ ಎತ್ಕೊಂಡು ಹೋಗು."

ಓಬಳಪ್ಪ ಒರೆಸುವ ಬಟ್ಟೆ ಹಿಂಡಿ ಕಿಟಕಿಗೆ ಹಾಕಿದ. ಕೀಲಿಕೈ ಬಾನೆಟ್ಟಿನ ಮೇಲಿಟ್ಟ. ಮಗುವನ್ನು ನಿಂತಲ್ಲಿಂದಲೇ ಒಂದು ಗಳಿಗೆ ನೋಡಿದ.

"ಬ್ಯಾಡ್ರಿ ಅಕ್ಕಾರೆ. ಅವತ್ತು ಒಳಗೆ ನೀವಿದ್ರಿ, ಅದಕ್ಕೆ ಬಂದೆ. ಇವತ್ತು ನಾನು ಎತ್ಕೊಂಡ್ರೆ, ನಾನು ಹೋದಮ್ಯಾಲೆ ಈ ಕೂಸಿಗೆ ತಣ್ಣೀರು ಹಾಕ್ತಾರೆ."

ಶಿವಗಂಗಮ್ಮ ಇಲ್ಲ ಅನ್ನಲಿಲ್ಲ, ಮಹೇಶ್ವರಪ್ಪನೂ ಇಲ್ಲ ಅನ್ನಲಿಲ್ಲ. ಓಬಳಪ್ಪ ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ.