ಮಾತು ಮುಗಿಸದ ಮೇಡಂ

ಮೊನ್ನೆ ಮಗಳ ಕಂಪಾಸ್ ಪೆಟ್ಟಿಗೆ ಕೈಜಾರಿ ಬಿದ್ದು, ಆರು ಮೂಲೆಯ ಪೆನ್ಸಿಲೊಂದು ಉರುಳುತ್ತ ನನ್ನ ಕಾಲಬಳಿ ಬಂತು. ಎತ್ತಿಕೊಂಡವಳು ಅದನ್ನು ಬೆರಳುಗಳ ನಡುವೆ ತಿರುಗಿಸುತ್ತ ನಿಂತುಬಿಟ್ಟೆ. ಕ್ಯಾಸೆಟ್ಟಿನ ತೂತಿನೊಳಗೆ ಇಂಥದೇ ಪೆನ್ಸಿಲ್ ತೂರಿಸಿ ಹಿಂದಕ್ಕೆ ಸುತ್ತುತ್ತಿದ್ದವರೊಬ್ಬರು ನೆನಪಾದರು. ಸೆಲ್ ಬೇಗ ಮುಗಿಯುತ್ತದೆಂದು ಅವರು ಟೇಪ್ ರೆಕಾರ್ಡರಿನ ರಿವೈಂಡ್ ಗುಂಡಿಯನ್ನು ಮುಟ್ಟುತ್ತಲೇ ಇರಲಿಲ್ಲ…

ಚಳ್ಳಕೆರೆಯ ಕಾಲೇಜಿನಲ್ಲಿ ನಮಗೆ ಭಾಷಾವಿಜ್ಞಾನ ಹೇಳಿಕೊಡುತ್ತಿದ್ದ ಮೇಡಂ ಅವರು. ತೊಂಬತ್ತರ ದಶಕದ ಕೊನೆಯ ವರ್ಷಗಳು. ಎಣ್ಣೆ ಗಿರಣಿಗಳ ಕಡೆಯಿಂದ ಗಾಳಿ ಬೀಸಿದರೆ ತರಗತಿಯ ತುಂಬ ಶೇಂಗಾ ಹಿಂಡಿಯ ವಾಸನೆ. ಮೇಡಂ ನಾಯಕನಹಟ್ಟಿಯವರು, ಪೇಟೆಯಲ್ಲಿ ಬಾಡಿಗೆ ಕೋಣೆ ಹಿಡಿದು ಒಬ್ಬರೇ ಇದ್ದರು. ಸಂಕಥನ ವಿಶ್ಲೇಷಣೆ ಅವರ ಸಂಶೋಧನೆಯ ವಿಷಯ. ಹೆಸರು ಕೇಳಿದರೆ ನಿದ್ದೆ ಬರಬೇಕು, ಆದರೆ ಅವರ ಬಾಯಲ್ಲಿ ಅದು ನಾಲ್ಕು ಜನ ಸೇರಿ ಮಾತಾಡುವುದನ್ನು ಮೈಯೆಲ್ಲ ಕಿವಿಯಾಗಿ ಕೇಳುವ ಕೆಲಸವಾಗಿತ್ತು. ಅಂಗಡಿಗೆ ಹೋದರೆ ಬೇರೆಯವರ ಚೌಕಾಸಿ ಕೇಳುತ್ತ ನಿಂತು, ತಮಗೆ ಬೇಕಾದ್ದನ್ನೇ ಮರೆತು ವಾಪಸಾಗುವರು. ಅಂಗಡಿಯವರಿಗೆ ಇವರನ್ನು ಕಂಡರೆ ಗುಮಾನಿ. ನಾವು ಹಿಂದಿನಿಂದ "ಕಿವಿ ಮೇಡಂ" ಎಂದು ಕರೆಯುತ್ತಿದ್ದೆವು.

ಒಂದು ದಿನ ಸಂತೆಯಲ್ಲಿ ಒಪ್ಪಿಗೆ ಕೇಳಿಯೇ ಧ್ವನಿ ತುಂಬಿಸಿಕೊಂಡು ಬಂದ ಕ್ಯಾಸೆಟ್ ಹಾಕಿದರು. ಗಿರಾಕಿ, "ಟೊಮೊಟೊ ಹೆಂಗ್ರಿ?" ಅನ್ನುತ್ತಾನೆ. ಮಾರುವಾಕೆ, "ಎಷ್ಟು ಬೇಕಣ್ಣ?" ಅನ್ನುತ್ತಾಳೆ. ಅಷ್ಟಕ್ಕೇ ನಿಲ್ಲಿಸಿ ಮೇಡಂ ನಮ್ಮನ್ನು ನೋಡಿದರು. ಕೇಳಿದ್ದು ಬೆಲೆ, ಆಕೆ ಹೇಳಿದ್ದು ಮತ್ತೊಂದು ಪ್ರಶ್ನೆ. ಆದರೂ ಇಬ್ಬರಿಗೂ ಗೊಂದಲವಿಲ್ಲ, ಏಕೆ? ಎಷ್ಟು ಬೇಕೆಂದು ತಿಳಿದ ಮೇಲೆ ಬೆಲೆ ಬಂದೇ ಬರುತ್ತದೆಂದು ಇಬ್ಬರಿಗೂ ಗೊತ್ತು. ಕೆಲವು ಪಂಡಿತರು ಒಂದು ಮಾತಿಗೆ ಇನ್ನೊಂದು ಹೇಗೆ ಜೋಡಿಯಾಗುತ್ತದೆ ಎಂದು ನೋಡುತ್ತಾರಂತೆ. ಕೆಲವರು ಮಾತಿನಿಂದ ಏನು ಕೆಲಸ ನಡೆಯಿತು ಎಂದು, ಮತ್ತೆ ಕೆಲವರು ಅಲ್ಲಿ ಬಾಯಿ ತೆರೆಯುವ ಹಕ್ಕು ಯಾರಿಗಿತ್ತು, ಯಾರಿಗಿರಲಿಲ್ಲ ಎಂದು. ಮೇಡಂಗೆ ಮೊದಲನೆಯದೇ ಇಷ್ಟ.

"ಒಂದು ಮಾತು ಆಡಿದ್ರೆ ಅದರ ಜೋಡಿ ಬರಬೇಕು. 'ಬರ್ತೀನಿ' ಅಂದ್ರೆ 'ಹೋಗಿ ಬಾ' ಅನ್ನಬೇಕು. ಅನ್ನಲಿಲ್ಲ ಅಂದ್ರೆ ಕಿವಿ ಕಾಯ್ತಾನೇ ಇರ್ತೈತೆ," ಅಂದಿದ್ದರು.

ನನಗೆ ಅದರ ಹುಚ್ಚು ಹಿಡಿದದ್ದು ಆವತ್ತೇ. ಡಿಗ್ರಿ ಮುಗಿಸಿ ಯೂನಿವರ್ಸಿಟಿಗೆ ಹೋಗಿ ಭಾಷಾವಿಜ್ಞಾನವನ್ನೇ ಓದಬೇಕೆಂಬ ಆಸೆ. ಆದರೆ ಮೊಳಕಾಲ್ಮುರಿನ ನಮ್ಮ ಮನೆಯಲ್ಲಿ ಬೇರೆಯೇ ಲೆಕ್ಕ. ಪರೀಕ್ಷೆ ಮುಗಿದ ಮೇಲೆ ಅಪ್ಪನ ಜೊತೆ ಮಗ್ಗದ ಕೆಲಸ, ಆಮೇಲೆ ರಾಯದುರ್ಗದ ಕಡೆಯಿಂದ ಬಂದಿದ್ದ ಸಂಬಂಧ. ಅಪ್ಪ ಕೆಟ್ಟವರಲ್ಲ. ಆದರೆ ಅವರ ಎದುರು ನನ್ನ ಬಾಯಿಗೆ ಬೀಗ ಬೀಳುತ್ತಿತ್ತು. ಮೇಡಂ ಬಳಿ ಅತ್ತುಕೊಂಡು ಹೇಳಿದೆ. ಅವರು ಸಮಾಧಾನವನ್ನೇನೂ ಹೇಳಲಿಲ್ಲ. ಮುಂದಿನ ಭಾನುವಾರ ಬಸ್ಸು ಹತ್ತಿ ನಮ್ಮ ಮನೆಗೇ ಬಂದರು.

ಹೊಸಿಲೊಳಗೆ ತೆಲುಗು, ಹೊಸಿಲಾಚೆ ಕನ್ನಡ ನಮ್ಮದು. ಅಪ್ಪ ಗುಂಡಿ ಮಗ್ಗದೊಳಗೆ ಕಾಲಿಳಿಸಿ ಕೂತು ರೇಷ್ಮೆ ಸೀರೆ ನೇಯುತ್ತಿದ್ದರು. ಇಷ್ಟವಿಲ್ಲದ ಮಾತು ಬಂದಾಗ ಲಾಳಿ ಎಸೆದು ನೇಯತೊಡಗುವುದು ಅವರ ಅಭ್ಯಾಸ. ಮಗ್ಗದ ಸದ್ದು ಎದ್ದ ಮೇಲೆ ಎದುರಿನವರು ಬಾಯಿ ಮುಚ್ಚಲೇಬೇಕು. ಮೇಡಂ ಟೀ ಕುಡಿಯುತ್ತ ನೇರವಾಗಿ ವಿಷಯಕ್ಕೆ ಬಂದರು.

"ಹುಡುಗಿ ಚೆನ್ನಾಗಿ ಓದ್ತಾಳ್ರಿ. ಮುಂದಕ್ಕೆ ಕಳಿಸಿಕೊಡ್ರಿ."

"ಆಯ್ತು ಬಿಡ್ರಿ ಮೇಡಂ, ನೋಡಾನ," ಎಂದು ಅಪ್ಪ ಲಾಳಿ ಎಸೆದರು.

ನಮ್ಮ ಕಡೆ ಯಾರೂ ಮುಖದ ಮೇಲೆ ಹೊಡೆದಂತೆ 'ಇಲ್ಲ' ಅನ್ನುವುದಿಲ್ಲ. 'ನೋಡಾನ' ಎಂದರೆ ಇಲ್ಲ ಎಂದೇ. ಅದನ್ನು ಕೇಳಿದ ನೆಂಟರು 'ಬರ್ತೀವಿ' ಎಂದು ಏಳಬೇಕು. ಅವ್ವ ಆಗಲೇ ಕುಂಕುಮದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನನ್ನ ಓದು ಅಲ್ಲಿಗೆ ಮುಗಿಯಿತೆಂದು ನನಗೆ ಖಾತ್ರಿಯಾಯಿತು. ಆದರೆ ಮೇಡಂ ಏಳಲೇ ಇಲ್ಲ.

"ಟೀ ಭಾಳ ಚೆನ್ನಾಗೈತಮ್ಮ. ಇನ್ನರ್ಧ ಕಪ್ ಕೊಡ್ತೀರಾ?"

ಅವ್ವ ತಟ್ಟೆ ಕೆಳಗಿಟ್ಟು ಒಳಗೆ ಹೋದಳು. ಅರ್ಧ ಕಪ್ ಬಂತು. ಅದನ್ನು ಮೇಡಂ ಎಷ್ಟು ನಿಧಾನವಾಗಿ ಕುಡಿದರೆಂದರೆ ಟೀ ಆರಿ ತಣ್ಣಗಾಗಿರಬೇಕು. ನನ್ನ ಸುದ್ದಿಯನ್ನು ಮತ್ತೆ ಎತ್ತಲಿಲ್ಲ. ಮಗ್ಗದ ಮೇಲಿದ್ದ ಸೀರೆಯ ಸೆರಗು ನೋಡುತ್ತ ಕೂತಿದ್ದರು. ಮನೆಗೆ ಬಂದವರನ್ನು ಎದ್ದು ಹೋಗಿ ಅನ್ನುವಂತಿಲ್ಲ, ಅವರಾಗಿ 'ಬರ್ತೀನಿ' ಅನ್ನುತ್ತಿಲ್ಲ. ಅಪ್ಪ ಪೇಚಿಗೆ ಸಿಕ್ಕಿದರು.

"ಮೇಡಂ, ಚಳ್ಳಕೆರೆ ಬಸ್ಸು ಹೊರಡೋ ಹೊತ್ತಾತು…"

"ಇನ್ನೊಂದು ಬರ್ತೈತೆ ಬಿಡ್ರಿ."

ಸ್ವಲ್ಪ ಹೊತ್ತಿಗೆ ಮಗ್ಗದ ಸದ್ದು ನಿಂತಿತು. ಅಪ್ಪ ತಲೆ ಎತ್ತದೆ ಅವ್ವನ ಕಡೆ ತಿರುಗಿ, "ಏಮಂಟಾವೇ?" ಅಂದರು. ನೀನೇನಂತೀಯ ಎಂದು. ಹೊರಗಿನವರ ಎದುರು ಅಪ್ಪ ಅವ್ವನನ್ನು ಹಾಗೆ ಕೇಳಿದ್ದನ್ನು ನಾನು ಕಂಡೇ ಇರಲಿಲ್ಲ.

ಅವ್ವ ಸೆರಗು ಸರಿಮಾಡಿಕೊಂಡಳು. ಅಪ್ಪನೊಡನೆ ತೆಲುಗು ಬಿಟ್ಟು ಬೇರೆ ಮಾತಾಡದವಳು, ತನ್ನ ತಡವರಿಸುವ ಕನ್ನಡದಲ್ಲಿ, ಮೇಡಂ ಮುಖ ನೋಡುತ್ತಲೇ ಹೇಳಿದಳು: "ಓದ್ಲಿ ಬಿಡ್ರಿ. ಮಗ್ಗ ಎಲ್ಲಿಗೆ ಹೋಗ್ತೈತೆ?"

ಅಪ್ಪನ ಕೈಯಲ್ಲಿ ಲಾಳಿ ಇತ್ತು, ಆದರೆ ಎಸೆಯಲಿಲ್ಲ. ಆಮೇಲೆ ಮೆಲ್ಲಗೆ ತಲೆಯಾಡಿಸಿದರು. ಆಗ ಮೇಡಂ ಕಪ್ ಕೆಳಗಿಟ್ಟು, "ಬರ್ತೀನ್ರಿ," ಎಂದು ಎದ್ದರು.

"ಹೋಗ್ಬನ್ನಿ ಮೇಡಂ," ಅಂದರು ಅಪ್ಪ.

ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ನಡೆದೆ. ನನಗೆ ನಗುವೂ ಅಳುವೂ ಒಟ್ಟಿಗೆ. "ನೀವು ಆಮೇಲೆ ಏನೂ ಮಾತಾಡಲೇ ಇಲ್ವಲ್ಲ ಮೇಡಂ?" ಅಂದೆ.

"ನಿಮ್ಮಪ್ಪ ನನ್ ಜೊತೆ ಕನ್ನಡದಾಗೆ ಮಾತು ಮುಗಿಸಿದ್ರು. ನಿಮ್ಮನೇಲಿ ತೀರ್ಮಾನ ಆಗೋದು ತೆಲುಗಿನಾಗೆ ಅಂತ ನೀನೇ ಹೇಳಿದ್ದೆ. ಅದು ಶುರುವಾಗ್ಲಿ ಅಂತ ಕೂತಿದ್ದೆ, ಅಷ್ಟೇ. ಆದ್ರೆ ನಿಮ್ಮವ್ವ ಕನ್ನಡದಾಗೆ ಉತ್ತರ ಕೊಡ್ತಾರೆ ಅಂತ ನಾನೂ ಅಂದ್ಕೊಂಡಿರಲಿಲ್ಲ. ನಿಮ್ಮಪ್ಪ ಮಾತು ತಿರುಗಿಸದಂಗೆ ನನ್ನ ಸಾಕ್ಷಿ ಮಾಡ್ಕೊಂಡ್ಬಿಟ್ರು ನೋಡು!"

ಅವರ ಚೀಲದಲ್ಲಿ ಟೇಪ್ ರೆಕಾರ್ಡರ್ ಇತ್ತು. ಯಾಕೆ ಹಾಕಲಿಲ್ಲ ಎಂದು ಕೇಳಿದ್ದಕ್ಕೆ, "ಅದು ನಿಮ್ಮನೆ ಮಾತು," ಎಂದು ಬಸ್ಸು ಹತ್ತಿದರು.

ನಾನು ಓದಿದೆ, ಪಾಠ ಹೇಳುವ ಕೆಲಸವೂ ಸಿಕ್ಕಿತು. ಮೇಡಂ ಅವರ ಸಂಶೋಧನಾ ಪ್ರಬಂಧ ಮಾತ್ರ ಮುಗಿಯಲಿಲ್ಲ. ಕೇಳಿದಾಗೆಲ್ಲ, ಜನ ಇನ್ನೂ ಮಾತಾಡ್ತಾನೇ ಇದ್ದಾರಲ್ಲ ಎಂದು ನಕ್ಕುಬಿಡುವರು. ಕೆಲವು ವರ್ಷಗಳ ಮೇಲೆ ಕಾಯಿಲೆ ಬಿದ್ದು ನಾಯಕನಹಟ್ಟಿಯ ತಂಗಿಯ ಮನೆ ಸೇರಿದ್ದಾರೆಂದು ತಿಳಿದು ನೋಡಲು ಹೋದೆ. ಬಹಳ ಇಳಿದುಹೋಗಿದ್ದರು… ಅವರಿಗೆ ಆಯಾಸವಾದೀತೆಂದು ನಾನೇ ಎದ್ದು, "ಬರ್ತೀನಿ ಮೇಡಂ," ಅಂದೆ.

ಅವರು 'ಹೋಗಿ ಬಾ' ಅನ್ನಲಿಲ್ಲ. ದಿಂಬಿಗೊರಗಿ ಕಣ್ಣಲ್ಲೇ ನಗುತ್ತ, "ಇನ್ನರ್ಧ ಕಪ್ ಟೀ ಕುಡಿ," ಅಂದರು.

ನಾನು ಕೂತೆ. ಇದು ಆವತ್ತಿನದೇ ಉಪಾಯ ಎಂದು ಇಬ್ಬರಿಗೂ ಗೊತ್ತಿತ್ತು. ಅವರ ತಂಗಿ ಟೀ ತಂದುಕೊಟ್ಟರು. ಆದಷ್ಟು ನಿಧಾನವಾಗಿ ಕುಡಿದೆ. ಕುಡಿದು ಮುಗಿಸುವ ಹೊತ್ತಿಗೆ ಮೇಡಂಗೆ ನಿದ್ದೆ ಹತ್ತಿತ್ತು. ಎಬ್ಬಿಸಲು ಮನಸ್ಸಾಗದೆ ಮೆಲ್ಲಗೆ 'ಬರ್ತೀನಿ' ಎಂದು ಹೊರಟೆ. ಮತ್ತೆ ಹೋಗುವಷ್ಟರಲ್ಲಿ ಅವರಿರಲಿಲ್ಲ.

"ಪೆನ್ಸಿಲ್ ಕೊಡವ್ವ, ಸ್ಕೂಲಿಗೆ ಹೊತ್ತಾತು," ಎಂದು ಮಗಳು ಕೈಚಾಚಿದಳು. ಕೊಟ್ಟೆ. ಚೀಲ ಹೆಗಲಿಗೇರಿಸಿ, "ಬರ್ತೀನವ್ವ," ಎಂದು ಹೊಸಿಲು ದಾಟಿದಳು. ಎಂದಿನಂತೆ 'ಹೋಗಿ ಬಾ' ಅನ್ನಲು ಹೋದವಳು, ಮೇಡಂ ಬಾಯಿಂದ ಕೊನೆಗೂ ಬಾರದ ಆ ಜೋಡಿ ಮಾತು ನೆನಪಾಗಿ ತಡೆದೆ. ಗೇಟಿನ ಬಳಿ ಅವಳು ನಿಂತು ತಿರುಗಿ ನೋಡಿದಳು, ಕಾಯುತ್ತ.

"ಹೋಗಿ ಬಾ ಮಗಳೆ," ಅಂದೆ. ನನ್ನ ಕಿವಿಗೂ ಅದು ಕೇಳಲೆಂದು ಸ್ವಲ್ಪ ಗಟ್ಟಿಯಾಗಿಯೇ ಅಂದೆ.