ಬಿರುಕಿಗೆ ಸುರಿದ ಉಸುಕು

ಕರಿ ಎರೆ ನೆಲ ಬೇಸಿಗೆಯಲ್ಲಿ ಹೇಗೆ ಬಾಯಿ ಬಿಡುತ್ತದೆ ಎಂಬುದನ್ನು ನಮ್ಮ ಅಬ್ಬಿಗೇರಿಗೆ ಬಂದು ನೋಡಬೇಕು. ಹೊಲದಲ್ಲಿ ನಡೆಯುವವನ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು. ಮಳೆ ಬಿದ್ದರೆ ಅದೇ ನೆಲ ಉಬ್ಬಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಅದಕ್ಕೆ ನಾವು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕೆಡಿಸಿಕೊಂಡವಳು ನೀಲವ್ವ ಒಬ್ಬಳೇ.

ನೀಲವ್ವ ನನ್ನ ಪಕ್ಕದ ಹೊಲದ ಹೂವಪ್ಪನ ಹೆಂಡತಿ. ಹೆಸರುಕಾಯಿ ಬಿಡಿಸುವಾಗ ಆಕೆಯ ಬಾಯಿ ಎಲ್ಲರಿಗಿಂತ ಮುಂದು, ಕೈ ಅದಕ್ಕಿಂತ ಮುಂದು. ಹಾಗಿದ್ದ ಹೆಂಗಸು. ಅವರಿಗಿದ್ದದ್ದು ಒಬ್ಬಳೇ ಮಗಳು, ಶಾಂಭವಿ. ಆರನೆಯ ಇಯತ್ತೆಯಲ್ಲಿದ್ದಾಗ ಹುಡುಗಿಗೆ ಜ್ವರ ಬಂತು. ಗದಗಿನ ದವಾಖಾನೆಗೆ ಒಯ್ದರೂ ಉಳಿಯಲಿಲ್ಲ. ನಮ್ಮಲ್ಲಿ ಸುಡುವ ಪದ್ಧತಿ ಇಲ್ಲ. ಸ್ವಂತ ಹೊಲದಲ್ಲೇ ಕುಣಿ ತೆಗೆದು, ಒಳಗೆ ಕೂಡಿಸಿ, ಮಣ್ಣು ಕೊಡುತ್ತೇವೆ. ನೇಗಿಲು ತಾಗದ ಜಾಗ ಬೇಕೆಂದು ಹೂವಪ್ಪ ಹಳ್ಳದ ಕಡೆಯ ಮೂಲೆ ತೋರಿಸಿದ. ಆಗ ಹಳ್ಳ ದೂರವಿತ್ತು.

ಆ ದಿನ ಹೆಂಗಸರೆಲ್ಲ ಎದೆ ಬಡಿದುಕೊಂಡು ಅತ್ತರು. ನೀಲವ್ವ ಯಾರದೋ ಮನೆಯ ಮಣ್ಣಿಗೆ ಬಂದವಳ ಹಾಗೆ ನಿಂತಿದ್ದಳು.

"ಅತ್ತಬಿಡ ತಂಗಿ, ಹಗುರಾಗತೈತಿ" ಎಂದಳು ನನ್ನ ಹೆಂಡತಿ ಮಾನವ್ವ.

"ಅಳೂನ ಬರವಲ್ದಕ್ಕಾ."

ಆಮೇಲೆಯೂ ಹಾಗೇ ಉಳಿದಳು. ರೊಟ್ಟಿ ಬಡಿಯುವಳು, ಕಸ ತೆಗೆಯುವಳು, ಕೇಳಿದ್ದಕ್ಕೆ ಉತ್ತರ ಕೊಡುವಳು, ಅಷ್ಟೇ. ಕಲ್ಲಿನಂಥ ಹೆಂಗಸು ಎಂದು ಊರ ಮಂದಿ ಆಡಿಕೊಂಡರು. ಅಂಥವರ ಬಾಯಿಗೆ ಹುಳ ಬೀಳಲಿ. ದುಃಖವನ್ನು ಎಲ್ಲರೂ ಓಣಿಗೆ ತಂದು ತೋರಿಸಬೇಕೇನು?

ಮುಂದಿನ ಬೇಸಿಗೆಯಲ್ಲಿ ಆ ಕುಣಿಯ ಮೇಲೂ ನೆಲ ಬಿರಿಯಿತು. ಒಂದು ಮಧ್ಯಾಹ್ನ ನೀಲವ್ವ ಕುಕ್ಕರುಗಾಲಿನಲ್ಲಿ ಕೂತು ಬಿರುಕಿನೊಳಗೆ ಇಣುಕುತ್ತಿದ್ದಳು. ನಾನು ಬದು ದಾಟಿ ಹೋದೆ.

"ಬಿಸಲ ಒಳಗ ತಾಕತಿರಬೇಕೇನ್ರಿ ಪ್ರಭಣ್ಣ?" ಎಂದು ಕೇಳಿದಳು.

"ಮಳಿ ಬಂದ್ರ ಮುಚ್ಚತೈತಿ, ನಡಿ ನೆರಳಿಗೆ" ಎಂದು ಗದರಿಸಿದೆ.

ಆಕೆ ಮಳೆಗೆ ಕಾಯಲಿಲ್ಲ. ಎರೆಯ ಹೆಂಟೆ ಬಿರುಕಿಗೆ ಇಳಿಯದು, ಮೇಲೆಯೇ ಸಿಕ್ಕಿಬೀಳುತ್ತದೆ. ಒಣ ಉಸುಕಾದರೆ ಸರಸರ ತಳದವರೆಗೆ ಹೋಗುತ್ತದೆ. ಹಳ್ಳಕ್ಕಿಳಿದು, ಬುಟ್ಟಿ ತುಂಬಿ ತಂದು ಸುರಿದಳು. ಪ್ರತಿ ಬೇಸಿಗೆಯೂ ಅದೇ ಆಯಿತು. ಮಳೆಗಾಲದಲ್ಲಿ ನೆಲ ಮುಚ್ಚಿಕೊಂಡರೂ ಉಸುಕು ಒಳಗೇ ಇರುತ್ತಿತ್ತು. ಮರುವರ್ಷ ಕುಣಿಯ ಸುತ್ತಮುತ್ತ ಮತ್ತೊಂದು ಕಡೆ ಬಿರಿದರೆ ಅಲ್ಲಿಗೂ ಉಸುಕು.

"ಏನವಾ ನೀಲವ್ವಾ, ಹಳ್ಳಾನ ಹೊಲಕ್ಕ ಹೊತ್ತ ತರ್ತೀಯೇನ?" ಎಂದು ಚೇಷ್ಟೆ ಮಾಡುತ್ತಿದ್ದೆ. ಆಕೆ ನಗುತ್ತಿರಲಿಲ್ಲ, ಸಿಟ್ಟಿಗೂ ಏಳುತ್ತಿರಲಿಲ್ಲ.

ಈ ನಡುವೆ ಹಳ್ಳ ವರ್ಷಕ್ಕಿಷ್ಟು ದಂಡೆ ತಿನ್ನುತ್ತ ಹತ್ತಿರ ಬಂತು. ಹೋದ ವರ್ಷದ ಹಿಂಗಾರಿ ಮಳೆಯಲ್ಲಿ ಒಂದು ಬೆಳಿಗ್ಗೆ ಹೂವಪ್ಪನ ಫೋನು. "ಹಳ್ಳ ಬಂದೈತಿ, ಲಗೂ ಬಾ" ಎಂದಷ್ಟೇ ಹೇಳಿ ಇಟ್ಟ. ಬೈಕು ಹತ್ತಿ ಓಡಿದೆ. ಗಂಡ ಹೆಂಡತಿ ದಂಡೆಯ ಮೇಲಿದ್ದರು. ಕುಣಿಯ ಮುಂದಿನ ನೆಲ ಆಗಲೇ ಕುಸಿದಿತ್ತು.

ಆದರೆ ಅಲ್ಲಷ್ಟೇ. ಅದರ ಆಚೆಗೂ ಈಚೆಗೂ, ನನ್ನ ಹೊಲದ ಉದ್ದಕ್ಕೂ, ದಂಡೆ ಗೋಡೆಯ ಹಾಗೆ ನಿಂತಿತ್ತು. ಬರೀ ಎರೆ ನೆನೆದರೆ ಅಂಟು. ನೀರು ಅದನ್ನು ಸವರಿಕೊಂಡು ಮುಂದೆ ಹೋಗುತ್ತದೆ. ಕುಸಿದ ಜಾಗದಲ್ಲಿ ಮಾತ್ರ ಕರಿ ಮಣ್ಣಿನ ನಡುವೆ ಮೇಲಿಂದ ಕೆಳಗೆ ಬಿಳಿ ಗೆರೆಗಳು ಕಾಣುತ್ತಿದ್ದವು. ನೀರು ಆ ಗೆರೆಗಳಿಗೆ ನುಗ್ಗಿ ಮೊದಲು ಉಸುಕನ್ನು ಎಳೆದುಕೊಳ್ಳುತ್ತಿತ್ತು. ಉಸುಕು ಹೋದ ಮೇಲೆ ನಡುವಿನ ಎರೆ ಹಿಡಿತ ತಪ್ಪಿ ದೊಡ್ಡ ದೊಡ್ಡ ಹೆಂಟೆಯಾಗಿ ದಡಾರನೆ ಬೀಳುತ್ತಿತ್ತು. ನನಗೆ ಎಲ್ಲ ಥಟ್ಟನೆ ತಿಳಿಯಿತು. ಶಿವನೇ, ಈಕೆಗೆ ಮಾತ್ರ ತಿಳಿಯದಿರಲಿ ಎಂದುಕೊಂಡೆ.

"ನಿಂತ ನೋಡತೀಯಲ್ಲೋ! ಚೀಲ ತುಂಬು, ಅಡ್ಡ ಒಗಿಯೂಣ" ಎಂದು ಹೂವಪ್ಪನ ಮೇಲೆ ಹರಿಹಾಯ್ದೆ. ಗೊಬ್ಬರದ ಖಾಲಿ ಚೀಲಗಳಿಗೆ ಮಣ್ಣು ತುಂಬಿ ಒಗೆದೆವು. ಹಳ್ಳ ಅವನ್ನು ಉರುಳಿಸಿಕೊಂಡು ಹೋಯಿತು. ಇನ್ನೊಂದನ್ನು ಎತ್ತುವಷ್ಟರಲ್ಲಿ ಉಳಿದ ದಂಡೆಯೂ ಕಳಚಿಬಿತ್ತು. ಕುಣಿ ಹೋಯಿತು, ಅದರೊಳಗಿನ ಕೂಸೂ ಹೋಯಿತು. ರಾಡಿ ನೀರು ಏನೂ ಆಗದ ಹಾಗೆ ಹರಿಯುತ್ತಿತ್ತು.

ನೀಲವ್ವ ಕೂಗಲಿಲ್ಲ. ಕುಸಿದ ಮಣ್ಣಿನಲ್ಲಿ ಉಳಿದಿದ್ದ ಒಂದೆರಡು ಬಿಳಿ ಗೆರೆಗಳನ್ನೇ ನೋಡುತ್ತಿದ್ದಳು.

"ಪ್ರಭಣ್ಣ, ನಿಮ್ಮ ದಂಡಿ ನಿಂತೈತಲ್ರಿ."

ನಾನು ಇನ್ನೊಂದು ಖಾಲಿ ಚೀಲಕ್ಕೆ ಬಗ್ಗಿದೆ.

"ನನ್ನ ಉಸುಕಿನಿಂದ ಹೋತು. ನಾನ ಮಾಡಿದೆ ಇದನ್ನ."

ಹಾಲು ಒಡೆಯಿತು ಎಂದು ಹೇಳುವಷ್ಟೇ ಸಪ್ಪಗೆ ಹೇಳಿದಳು.

ಹೂವಪ್ಪ ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟ.

"ನೀ ಒಬ್ಬಾಕೀನ ಅಲ್ಲ" ಎಂದ. "ನಾನೂ ಹಾಕೀನಿ ಉಸುಕ."

"ನೀವು? ಯಾವಾಗ್ರಿ?"

"ನೀ ಇಟಗಿಗೆ, ತವರಮನಿಗೆ ಹೋಗಿದ್ದೆಲ್ಲ, ಆವಾಗ. ನಿನಗಿಂತ ಹೆಚ್ಚ ಹಾಕೀನಿ."

ಮಗಳಿಗೆ ಮಣ್ಣು ಕೊಟ್ಟ ಮೇಲೆ ಹೂವಪ್ಪ ಆ ಮೂಲೆಗೆ ಕಾಲಿಟ್ಟವನೇ ಅಲ್ಲ. ಪಕ್ಕದ ಹೊಲದವನಿಗೆ ಗೊತ್ತಿರುವುದಿಲ್ಲವೇ? ನೀಲವ್ವನೂ ಅಂದಿನಿಂದ ಒಂದು ಹಬ್ಬಕ್ಕಾಗಲಿ, ಮದುವೆಗಾಗಲಿ ತವರಿಗೆ ಹೋದವಳಲ್ಲ. ಕರೆಯಲು ಬಂದ ಅಣ್ಣನನ್ನೂ ಬಾಗಿಲಿನಿಂದಲೇ ಕಳಿಸಿದ್ದಳು. ಇದು ನಮ್ಮ ಮೂವರಿಗೂ ಗೊತ್ತಿತ್ತು.

ಆಕೆ ಗಂಡನ ಮುಖವನ್ನು ನೋಡಿದಳು.

"ಹೌದ್ರಿ" ಎಂದಳು. "ಆ ಸಲ ನಾ ಅಲ್ಲೆ ಭಾಳ ದಿನ ಇದ್ದೆ."